ಎಂಟು ಗಜ ಬಟ್ಟೆ, ಇಪ್ಪತ್ತೇಳು ನೆರಿಗೆ: ಕಿಲ್ಟ್ ಹೊಲಿಗೆ ಮತ್ತು ಟಾರ್ಟನ್ ವಿನ್ಯಾಸದ ಕಸುಬು

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೀರೆಯ ನೆರಿಗೆಯನ್ನು ಉಡುವಾಗಲೆಲ್ಲ ಹೊಸದಾಗಿ ಹಿಡಿಯುತ್ತೇವೆ. ಇವತ್ತು ಸರಿಯಾಗಿ ಕೂರದಿದ್ದರೆ ನಾಳೆ ಕೂರುತ್ತದೆ. ಸ್ಕಾಟ್ಲೆಂಡಿನಲ್ಲಿ ಸೊಂಟಕ್ಕೆ ಸುತ್ತಿ ಉಡುವ ಕಿಲ್ಟಿಗೆ ಆ ಅನುಕೂಲವಿಲ್ಲ. ಅದರ ನೆರಿಗೆಯನ್ನು ಒಂದೇ ಸಲ ಲೆಕ್ಕ ಹಾಕಿ, ಮಡಿಸಿ, ಕೈಯಿಂದ ಹೊಲಿದು ಮುಗಿಸುತ್ತಾರೆ. ಆಮೇಲೆ ಅದು ದಶಕಗಳ ಕಾಲ ಹಾಗೇ ನಿಲ್ಲಬೇಕು. ಎಷ್ಟೋ ಮನೆಗಳಲ್ಲಿ ತಂದೆಯ ಕಿಲ್ಟನ್ನು ಮಗ ಉಡುತ್ತಾನೆ.

ಈ ಕಸುಬಿಗೆ ಬರಬೇಕೆನ್ನುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಕೇಳುತ್ತಾರೆ: ಹೊಲಿಗೆ ಕಲಿಯಬೇಕೋ, ಕಿಲ್ಟಿನ ಬಟ್ಟೆಯ ಬಣ್ಣದ ಚೌಕಳಿಯಾದ ಟಾರ್ಟನ್ ವಿನ್ಯಾಸ ಕಲಿಯಬೇಕೋ? ಎರಡನ್ನೂ ಬಿಡಿಸಿ ಕಲಿಯಲು ಆಗುವುದಿಲ್ಲ ಎನ್ನುವುದೇ ಇವತ್ತಿನ ಮಾತಿನ ತಿರುಳು. ನೆರಿಗೆಯ ಲೆಕ್ಕ ತಿಳಿಯದವರು ಬರೆದ ಟಾರ್ಟನ್ ಕಂಪ್ಯೂಟರ್ ಪರದೆಯ ಮೇಲೆ ಚೆಂದ ಕಾಣುತ್ತದೆ, ಸೊಂಟದ ಹಿಂದೆ ಹಾಳಾಗುತ್ತದೆ. ಮಗ್ಗದ ಲೆಕ್ಕ ತಿಳಿಯದ ಹೊಲಿಗೆಯವರು ಬೆಲೆಬಾಳುವ ಬಟ್ಟೆಯನ್ನು ತಪ್ಪು ಕಡೆಯಿಂದ ಕತ್ತರಿಸುತ್ತಾರೆ.

ಮೊದಲು ಬಟ್ಟೆ. ಕಿಲ್ಟಿಗೆ ಬಳಸುವುದು ಬಿಗಿಯಾಗಿ ನೂತ ವರ್ಸ್ಟೆಡ್ ಉಣ್ಣೆ. ತೂಕವನ್ನು ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುವುದು ರೂಢಿ. 10 ಔನ್ಸ್ ಹಗುರ, 13 ಮಧ್ಯಮ, 16 ಭಾರ. ಸೈನ್ಯದ ಕಿಲ್ಟ್ ಇದಕ್ಕಿಂತಲೂ ಭಾರ. ಈ ಗಜದ ಲೆಕ್ಕ ಎರಡು ಪನ್ನದ ಬಟ್ಟೆಯದು, ಅಂದರೆ ಸುಮಾರು 54ರಿಂದ 60 ಇಂಚು ಅಗಲದ್ದು. ಅಂಥ ನಾಲ್ಕು ಗಜವನ್ನು ಉದ್ದಕ್ಕೆ ನಡುವೆ ಸೀಳಿ, ತುದಿಗೆ ತುದಿ ಜೋಡಿಸಿದರೆ ಎಂಟು ಗಜದ ಪಟ್ಟಿ ಸಿಗುತ್ತದೆ. ‘ಎಂಟು ಗಜದ ಕಿಲ್ಟ್’ ಎನ್ನುವ ಮಾತು ಬಂದದ್ದು ಹೀಗೆ. 16 ಔನ್ಸಿನ ಬಟ್ಟೆಯಾದರೆ ಬರೀ ಬಟ್ಟೆಯೇ 64 ಔನ್ಸ್, ಅಂದರೆ 1.8 ಕಿಲೋ ತೂಗುತ್ತದೆ. ನಡೆಯುವಾಗ ನೆರಿಗೆ ಬೀಸಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುವುದು ಈ ತೂಕದ ಬಲದಿಂದ. ಬ್ಯಾಗ್‌ಪೈಪ್ ಊದುತ್ತಾ ಸಾಲಾಗಿ ನಡೆಯುವ ಪೈಪ್ ಬ್ಯಾಂಡಿನವರು 16 ಔನ್ಸ್ ಕೇಳುವುದಕ್ಕೂ, ಕುಣಿಯುವ ಹುಡುಗಿಯರು ಹಗುರ ಬಟ್ಟೆ ಕೇಳುವುದಕ್ಕೂ ಕಾರಣ ಇದೇ.

ಬಟ್ಟೆಯನ್ನು ಅಡ್ಡಡ್ಡ ಸುತ್ತುತ್ತಾರೆ ಎನ್ನುವುದು ಹೊಸಬರಿಗೆ ತಕ್ಷಣ ಹೊಳೆಯುವುದಿಲ್ಲ. ಮಗ್ಗದ ಹಾಸು ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆ, ಸೊಂಟದ ಸುತ್ತ ಹೋಗುತ್ತದೆ; ಅಡ್ಡ ಹೋಗುವ ಹೊಕ್ಕು ಎಳೆ ಮೇಲಿಂದ ಕೆಳಕ್ಕೆ ನಿಲ್ಲುತ್ತದೆ. ಹಾಗಾಗಿ ಕಿಲ್ಟಿನ ಕೆಳತುದಿ ಅಂದರೆ ಮಗ್ಗದಿಂದ ಬಂದ ಅಂಚೇ. ಅಲ್ಲಿ ಮಡಚಿ ಹೊಲಿಯುವುದಿಲ್ಲ. ಮಡಚಿದರೆ ಪ್ರತಿ ನೆರಿಗೆಯ ಬುಡದಲ್ಲೂ ಒಂದು ಗಂಟು ಕೂತು ಬೀಸು ಸತ್ತುಹೋಗುತ್ತದೆ. ಬಟ್ಟೆ ತರಿಸುವಾಗ ಕಿಲ್ಟಿಗೆ ತಕ್ಕ ಶುದ್ಧ ಅಂಚು ಬೇಕೆಂದು ಬಿಡಿಸಿ ಹೇಳಬೇಕು. ನೂಲಿನ ತುದಿಗಳನ್ನು ಒಳಕ್ಕೆ ತುರುಕಿ ದಪ್ಪಗಾದ ಅಂಚು ಕೋಟಿಗೆ ನಡೆದೀತು, ಕಿಲ್ಟಿಗೆ ನಡೆಯದು.

ಇನ್ನು ಟಾರ್ಟನ್. ಹಾಸಿನಲ್ಲಿ ಬಣ್ಣಗಳು ಯಾವ ಕ್ರಮದಲ್ಲಿವೆಯೋ ಹೊಕ್ಕಿನಲ್ಲೂ ಅದೇ ಕ್ರಮ. ನೇಯ್ಗೆ ಟ್ವಿಲ್, ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ, ಪ್ರತಿ ಸಾಲಿಗೂ ಒಂದೆಳೆ ಸರಿಯುತ್ತಾ ಹೋಗುತ್ತದೆ. ಒಂದೇ ಬಣ್ಣ ಒಂದನ್ನೊಂದು ದಾಟಿದಲ್ಲಿ ಅಚ್ಚ ಬಣ್ಣ, ಎರಡು ಬಣ್ಣ ದಾಟಿದಲ್ಲಿ ಓರೆ ಗೀಟಿನ ಮಿಶ್ರ ಬಣ್ಣ. ಎರಡು ಬಣ್ಣದಿಂದ ಮೂರು ಛಾಯೆ ಹುಟ್ಟುತ್ತದೆ, ಮೂರರಿಂದ ಆರು, ನಾಲ್ಕರಿಂದ ಹತ್ತು, ಆರರಿಂದ ಇಪ್ಪತ್ತೊಂದು. ಹೊಸಬರ ವಿನ್ಯಾಸ ಕೆಸರಿನಂತೆ ಕಾಣುವುದು ಹೆಚ್ಚಾಗಿ ಇಲ್ಲಿಯೇ. ಐದಾರು ಬಣ್ಣ ಹಾಕಿದರೆ ಅರ್ಥ ಏರುತ್ತದೆ ಎಂದುಕೊಳ್ಳುತ್ತಾರೆ, ಏರುವುದು ಮಿಶ್ರಣ ಮಾತ್ರ. ಮೂರು ನಾಲ್ಕು ಬಣ್ಣದಲ್ಲಿ ನಿಲ್ಲಿಸಿ ಎನ್ನುವುದು ನನ್ನ ಖಚಿತ ಸಲಹೆ.

ಮರುಕಳಿಸುವ ಒಂದು ಪೂರ್ತಿ ಚೌಕಳಿ ಘಟಕಕ್ಕೆ ‘ಸೆಟ್’ ಎನ್ನುತ್ತಾರೆ. ಅದನ್ನು ಬರೆಯುವುದು ಎಳೆಗಳ ಲೆಕ್ಕದಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ: ನೀಲಿ 24, ಕಪ್ಪು 4, ನೀಲಿ 4, ಕಪ್ಪು 24, ಹಸಿರು 24, ಹಳದಿ 4. ಒಟ್ಟು 84 ಎಳೆ. ಇದು ಕನ್ನಡಿಯಂತೆ ತಿರುಗುವ ಸೆಟ್ ಆದರೆ ಮೊದಲ ನೀಲಿಯೂ ಕೊನೆಯ ಹಳದಿಯೂ ತಿರುಗುಬಿಂದುಗಳು. ಹಳದಿಗೆ ಬಂದು ಮುಟ್ಟಿದ ಮೇಲೆ ಅದನ್ನು ಮತ್ತೆ ಹಾಕದೆ ಹಸಿರು, ಕಪ್ಪು ಎಂದು ಹಿಂದಕ್ಕೆ ನಡೆಯಬೇಕು. ಪೂರ್ತಿ ಸೆಟ್ಟಿಗೆ 84ರ ಎರಡು ಪಟ್ಟು 168, ಅದರಲ್ಲಿ ತಿರುಗುಬಿಂದುಗಳ 28 ಕಳೆದರೆ 140 ಎಳೆ. ಇಂಚಿಗೆ 40 ಎಳೆಯ ಬಟ್ಟೆಯಲ್ಲಿ ಇದು ಮೂರೂವರೆ ಇಂಚಿನ ಸೆಟ್. ಕಿಲ್ಟಿಗೆ ಇದು ಚಿಕ್ಕದು. ಎಲ್ಲವನ್ನೂ ಇಮ್ಮಡಿ ಮಾಡಿದರೆ 280 ಎಳೆ, ಏಳು ಇಂಚು. ತಿರುಗುಬಿಂದುವನ್ನು ಎರಡು ಸಲ ಎಣಿಸುವುದು ಅತಿ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ತೆಳುವಾಗಿರಬೇಕಾದ ಹಳದಿ ಗೆರೆ ದುಪ್ಪಟ್ಟು ದಪ್ಪವಾಗಿ ನೇಯ್ದು ಬರುತ್ತದೆ.

ಎಳೆಗಳನ್ನು ಸಮಸಂಖ್ಯೆಯಲ್ಲೇ ಬರೆಯುವುದಕ್ಕೂ ಮಗ್ಗದಲ್ಲೇ ಕಾರಣವಿದೆ. ಲಾಳಿಯ ಪೆಟ್ಟಿಗೆ ಒಂದೇ ಬದಿಯಲ್ಲಿರುವ ಮಗ್ಗದಲ್ಲಿ ಆ ಬಣ್ಣದ ಲಾಳಿ ಹೋಗಿ ತಿರುಗಿ ತನ್ನ ಪೆಟ್ಟಿಗೆಗೆ ಬರಬೇಕು. ಹೋಗಿದ್ದೊಂದು ಎಳೆ, ಬಂದಿದ್ದೊಂದು ಎಳೆ. ಬೆಸಸಂಖ್ಯೆ ಬರೆದರೆ ಲಾಳಿ ಆಚೆ ಬದಿಯಲ್ಲೇ ಉಳಿಯುತ್ತದೆ. ಇನ್ನೊಂದು ವಿಷಯ: ಎರಡೇ ಎಳೆಯ ಗೆರೆ ಟ್ವಿಲ್‌ನಲ್ಲಿ ಗೆರೆಯಾಗಿ ಕಾಣದೆ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಎದ್ದು ಕಾಣಬೇಕಾದ ಗೆರೆಗೆ ನಾಲ್ಕೆಳೆಯಾದರೂ ಕೊಡಿ.

ಬಣ್ಣದ ಹೆಸರುಗಳಲ್ಲೂ ಒಂದು ಒಳಭಾಷೆಯಿದೆ. ಒಂದೇ ಟಾರ್ಟನ್ ‘ಮಾಡರ್ನ್’, ‘ಏನ್ಷಿಯಂಟ್’, ‘ವೆದರ್ಡ್’, ‘ಮ್ಯೂಟೆಡ್’ ಎಂಬ ಛಾಯೆಗಳಲ್ಲಿ ಸಿಗುತ್ತದೆ. ಎಳೆಗಳ ಲೆಕ್ಕ ಬದಲಾಗುವುದಿಲ್ಲ, ಬಣ್ಣದ ಗಾಢತೆ ಮಾತ್ರ ಬದಲಾಗುತ್ತದೆ. ಏನ್ಷಿಯಂಟ್ ಎಂದರೆ ಬಟ್ಟೆ ಹಳೆಯದಲ್ಲ, ಗಿಡಮೂಲದ ಹಳೆಯ ಬಣ್ಣದಂತೆ ತಿಳಿಯಾಗಿದೆ ಎಂದಷ್ಟೇ. ಮಾಡರ್ನ್ ಛಾಯೆಯ ಬ್ಲ್ಯಾಕ್ ವಾಚ್ ಎಂಬ ಟಾರ್ಟನ್‌ನಲ್ಲಿ ಕಡುನೀಲಿಯೂ ಕಪ್ಪೂ ನಾಲ್ಕು ಮಾರು ದೂರದಿಂದ ಒಂದಾಗಿಬಿಡುತ್ತವೆ. ಪರದೆಯ ಮೇಲೆ ಎರಡೂ ಬೇರೆಬೇರೆ ಕಾಣುತ್ತವೆಂದು ನಂಬಬೇಡಿ. ಗಿರಣಿಯವರ ನೂಲಿನ ಮಾದರಿ ತರಿಸಿ, ಕಿಟಕಿಯ ಬೆಳಕಿನಲ್ಲಿ ಒಂದರ ಮೇಲೊಂದು ಅಡ್ಡ ಸುತ್ತಿ ನೋಡಿ ತೀರ್ಮಾನಿಸಿ.

ಈಗ ವಿನ್ಯಾಸವೂ ಹೊಲಿಗೆಯೂ ಕೂಡುವ ಜಾಗಕ್ಕೆ ಬರೋಣ. ಕಿಲ್ಟಿನ ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಎರಡು ಸಪಾಟು ಪದರಗಳು, ಅವಕ್ಕೆ ಏಪ್ರನ್ ಎನ್ನುತ್ತಾರೆ. ಹಿಂಭಾಗವೆಲ್ಲ ನೆರಿಗೆ. ಸೊಂಟದಿಂದ ನಿತಂಬದವರೆಗೆ ನೆರಿಗೆಯನ್ನು ಹೊಲಿದು ಬಿಗಿದಿರುತ್ತಾರೆ, ಆ ಭಾಗಕ್ಕೆ ಫೆಲ್ ಎಂದು ಹೆಸರು. ಅದರ ಕೆಳಗೆ ನೆರಿಗೆ ಸ್ವತಂತ್ರ.

ಸೊಂಟ 34, ನಿತಂಬ 40 ಇಂಚಿನವರಿಗೆ ಹೊಲಿಯುತ್ತಿದ್ದೇವೆ ಎಂದುಕೊಳ್ಳಿ. ಸುತ್ತಳತೆಯ ಸುಮಾರು ಅರ್ಧ ಏಪ್ರನ್ನಿಗೆ, ಅರ್ಧ ನೆರಿಗೆಗೆ. ನಿತಂಬದಲ್ಲಿ ಪ್ರತಿ ನೆರಿಗೆ ಮುಕ್ಕಾಲು ಇಂಚು ಕಾಣಬೇಕೆಂದರೆ 27 ನೆರಿಗೆ, ಒಟ್ಟು ಇಪ್ಪತ್ತೂಕಾಲು ಇಂಚು. ಸೊಂಟದಲ್ಲಿ ಅದೇ 27 ನೆರಿಗೆ 17 ಇಂಚಿಗೆ ಇಳಿಯಬೇಕು. ಹಾಗಾದರೆ ಒಂದೊಂದೂ ಇಂಚಿನ 8ರಲ್ಲಿ 5 ಪಾಲು. ಕೆಳಗಿನ ಅಗಲಕ್ಕೂ ಮೇಲಿನ ಅಗಲಕ್ಕೂ ವ್ಯತ್ಯಾಸ ಅರೆಕಾಲು ಇಂಚು. ಅದನ್ನು ಎರಡೂ ಬದಿಯಿಂದ ವೀಸ ವೀಸ, ಅಂದರೆ 16ರಲ್ಲೊಂದು ಪಾಲು, ತೆಗೆಯಬೇಕು. ಒಂದೇ ಬದಿಯಿಂದ ತೆಗೆದರೆ ನೆರಿಗೆಯ ನಡುವಿನ ಗೆರೆ ಮೇಲಕ್ಕೆ ಹೋಗುತ್ತಾ ವಾಲುತ್ತದೆ.

ಈ ವೀಸದ ಬೆಲೆ ಎಷ್ಟು ಗೊತ್ತೇ? ಪ್ರತಿ ನೆರಿಗೆಯಲ್ಲೂ ಒಂದು ವೀಸ ಹೆಚ್ಚಾಯಿತು ಎನ್ನಿ. ಕಣ್ಣಿಗೆ ಏನೂ ಕಾಣುವುದಿಲ್ಲ. 27 ನೆರಿಗೆ ಮುಗಿಯುವಷ್ಟರಲ್ಲಿ ಸೊಂಟ ಒಂದೂ ಮುಕ್ಕಾಲು ಇಂಚಿನ ಹತ್ತಿರ ದೊಡ್ಡದಾಗಿರುತ್ತದೆ. ಆದ್ದರಿಂದ ಕೊನೆಯಲ್ಲಿ ಅಳೆಯುವುದಲ್ಲ, ಐದೈದು ನೆರಿಗೆಗೊಮ್ಮೆ ಮೇಲೂ ಕೆಳಗೂ ಟೇಪು ಇಡಬೇಕು. ತಪ್ಪು ಐದರಲ್ಲಿ ಸಿಕ್ಕರೆ ಬಿಚ್ಚುವುದು ಐದು. ಇಪ್ಪತ್ತೇಳರಲ್ಲಿ ಸಿಕ್ಕರೆ ಒಂದು ದಿನದ ಕೆಲಸ ಹೋಯಿತು.

ನೆರಿಗೆ ಹಾಕುವ ಕ್ರಮ ಮುಖ್ಯವಾಗಿ ಎರಡು. ಒಂದು ‘ಗೆರೆಗೆ’: ಪ್ರತಿ ನೆರಿಗೆಯ ನಡುವೆಯೂ ಅದೇ ಗೆರೆ ಬರುತ್ತದೆ, ಹಿಂದಿನಿಂದ ನೋಡಿದರೆ ಉದ್ದುದ್ದ ಪಟ್ಟೆ. ಇದು ಸೈನ್ಯದ ಕ್ರಮ. 1994ರವರೆಗೆ ಇದ್ದ ಗಾರ್ಡನ್ ಹೈಲ್ಯಾಂಡರ್ಸ್ ರೆಜಿಮೆಂಟಿನವರ ಕಿಲ್ಟ್ ಹಳದಿ ಗೆರೆಗೆ ಕೂಡಿಸಿದ್ದಾಗಿತ್ತು. ಇನ್ನೊಂದು ‘ಸೆಟ್ಟಿಗೆ’: ಮಡಿಸಿದ ಮೇಲೂ ಹಿಂಭಾಗದಲ್ಲಿ ಟಾರ್ಟನ್ ಮುರಿಯದೆ ಮುಂದುವರಿದಂತೆ ಕಾಣುತ್ತದೆ. ಬಟ್ಟೆಯ ಖರ್ಚು ಇಲ್ಲಿ ಬೇರೆಯಾಗುತ್ತದೆ. ಗೆರೆಗೆ ಹಾಕಿದರೆ ಪ್ರತಿ ನೆರಿಗೆ ಸರಿಯಾಗಿ ಒಂದು ಸೆಟ್ ತಿನ್ನುತ್ತದೆ, ಏಳಿಂಚಿನ ಸೆಟ್ಟಿಗೆ 27 ನೆರಿಗೆ ಎಂದರೆ 189 ಇಂಚು. ಸೆಟ್ಟಿಗೆ ಹಾಕಿದರೆ ಪಕ್ಕದ ನೆರಿಗೆಯಲ್ಲಿ ವಿನ್ಯಾಸದ ಮುಂದಿನ ತುಂಡು ಕಾಣಬೇಕಲ್ಲ, ಅದಕ್ಕೆ ಒಂದು ಸೆಟ್ ಜೊತೆಗೆ ಮುಕ್ಕಾಲು ಇಂಚು ಬೇಕು. 27ಕ್ಕೆ 209 ಇಂಚು ದಾಟುತ್ತದೆ. ಎಂಟು ಗಜ ಎಂದರೆ 288 ಇಂಚು. ಉಳಿದ 78 ಇಂಚಿನಲ್ಲಿ ಎರಡು ಏಪ್ರನ್, ಎರಡೂ ಪಕ್ಕದ ಆಳದ ನೆರಿಗೆ, ಜೋಡಣೆಗೆ ಹೋಗುವ ಬಟ್ಟೆ ಎಲ್ಲವೂ ಮುಗಿಯಬೇಕು. ಮುಗಿಯುತ್ತದೆ, ಆದರೆ ಪೋಲು ಮಾಡುವಷ್ಟು ಉಳಿಯುವುದಿಲ್ಲ.

ಈಗ ಸೆಟ್ಟಿನ ಅಳತೆ ಬದಲಿಸಿ ನೋಡಿ. ಹನ್ನೆರಡು ಇಂಚಿನ ಸೆಟ್ ಆದರೆ ಎಂಟು ಗಜ ಸಾಲುವುದೇ ಇಲ್ಲ. ಒಂದೋ ನೆರಿಗೆ ಕಡಿಮೆ ಮಾಡಬೇಕು, ಇಲ್ಲವೇ ಕನ್ನಡಿ ಸೆಟ್ ಆಗಿದ್ದರೆ ಅರ್ಧರ್ಧ ಸೆಟ್ಟಿಗೆ ಮಡಿಸುವ ದಾರಿ ಹುಡುಕಬೇಕು. ಎರಡಿಂಚಿನ ಸೆಟ್ ಆದರೆ ಒಂದು ನೆರಿಗೆಯೊಳಗೆ ಮೂರು ಸೆಟ್ ಹುದುಗಿಸಬೇಕು. ದೂರದಿಂದ ನೋಡುವವರಿಗೆ ಚೌಕಳಿ ಕಾಣುವುದೂ ಇಲ್ಲ. ಐದರಿಂದ ಎಂಟು ಇಂಚಿನೊಳಗಿನ ಸೆಟ್ ಹೊಲಿಯುವವರ ಕೈಗೆ ಒಗ್ಗುತ್ತದೆ. ವಿನ್ಯಾಸ ಮಾಡುವವರು ಎಳೆ ಎಣಿಸುವಾಗಲೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಕನ್ನಡಿಯಂತೆ ತಿರುಗದೆ, ಒಂದೇ ದಿಕ್ಕಿಗೆ ಸಾಗುವ ಟಾರ್ಟನ್‌ಗಳೂ ಉಂಟು. ಕಾಗದದ ಮೇಲೆ ಅವು ಬಹಳ ಆಕರ್ಷಕ. ಆದರೆ ನಾಲ್ಕು ಗಜವನ್ನು ನಡುವೆ ಸೀಳಿದಾಗ ಒಂದು ಪಟ್ಟಿಗೆ ಮಗ್ಗದ ಅಂಚು ಕೆಳಗಿದ್ದರೆ ಇನ್ನೊಂದಕ್ಕೆ ಮೇಲಿರುತ್ತದೆ. ಎರಡನೆಯದನ್ನು ತಿರುಗಿಸಿ ಅಂಚನ್ನು ಕೆಳಕ್ಕೆ ತರಬೇಕು. ಕನ್ನಡಿ ಸೆಟ್ ಆದರೆ ತಿರುಗಿಸಿದರೂ ಅದೇ ವಿನ್ಯಾಸ. ಒಂದೇ ದಿಕ್ಕಿನ ಸೆಟ್ ಆದರೆ ಬಣ್ಣಗಳ ಕ್ರಮ ತಲೆಕೆಳಗಾಗುತ್ತದೆ, ಎರಡು ಪಟ್ಟಿಗಳು ಎಲ್ಲಿಯೂ ಕೂಡುವುದಿಲ್ಲ. ಬಟ್ಟೆಯ ಹಿಮ್ಮುಖ ಬಳಸಿದರೂ ಅಡ್ಡಗೆರೆಗಳ ಮೇಲು ಕೆಳಗು ಬದಲಾಗಿಯೇ ಇರುತ್ತದೆ. ಅಂಥ ಟಾರ್ಟನ್‌ಗೆ ಒಂದೇ ಪನ್ನದ ಎಂಟು ಗಜ ನೇಯಿಸಬೇಕು, ಇಲ್ಲವೇ ಎರಡು ಪನ್ನದ ಎಂಟು ಗಜ ಕೊಂಡು ಅರ್ಧ ಉಳಿಸಬೇಕು. ಗಿರಾಕಿಗೆ ಈ ಖರ್ಚನ್ನು ಮೊದಲೇ ಹೇಳದ ವಿನ್ಯಾಸಕರು ಅವರಿಗೆ ಅನ್ಯಾಯ ಮಾಡಿದಂತೆ. ಕನ್ನಡಿ ಸೆಟ್ಟಿನಲ್ಲೂ ಎರಡೂ ಅಂಚುಗಳು ಸೆಟ್ಟಿನ ಒಂದೇ ಜಾಗದಲ್ಲಿ ಮುಗಿದಿವೆಯೇ ಎಂದು ಕತ್ತರಿ ಹಾಕುವ ಮೊದಲು ನೋಡಿ. ಮುಗಿಯದಿದ್ದರೆ ಅಡ್ಡಗೆರೆ ಕೂಡಿಸಲು ಒಂದು ಪಟ್ಟಿಯ ಅಂಚನ್ನೇ ಬಲಿಕೊಡಬೇಕಾದೀತು.

ಅಳತೆ ತೆಗೆಯುವುದು ಹೀಗೆ. ಕಿಲ್ಟಿನ ಸೊಂಟ ಪ್ಯಾಂಟಿನ ಸೊಂಟವಲ್ಲ, ಹೊಕ್ಕುಳಿನ ಮಟ್ಟದ ನಿಜವಾದ ನಡು. ಅದರ ಮೇಲೆ ಇನ್ನೂ ಎರಡಿಂಚಿನಷ್ಟು ಬಟ್ಟೆ ಏರುತ್ತದೆ. ಪ್ಯಾಂಟಿನ ಅಳತೆ ಕೇಳಿ ಹೊಲಿದ ಕಿಲ್ಟ್ ಜಾರಿ ಮೊಣಕಾಲನ್ನು ಮುಚ್ಚುತ್ತದೆ. ನಡು, ನಿತಂಬ, ನಡುವಿನಿಂದ ಮೊಣಕಾಲಿನ ಮಧ್ಯದವರೆಗಿನ ಉದ್ದ, ನಡುವಿನಿಂದ ನಿತಂಬದ ದಪ್ಪ ಭಾಗದವರೆಗಿನ ಇಳಿತ, ಈ ನಾಲ್ಕು ಬೇಕು. ಉಟ್ಟ ಮೇಲೆ ಮಂಡಿಯೂರಿ ಕುಳಿತಾಗ ಕೆಳಅಂಚು ನೆಲವನ್ನು ಮುಟ್ಟಿಯೂ ಮುಟ್ಟದಂತಿದ್ದರೆ ಉದ್ದ ಸರಿಯಿದೆ.

ಏಪ್ರನ್ನಿನ ನಡುವೆ ಸೆಟ್ಟಿನ ಎದ್ದುಕಾಣುವ ತಿರುಗುಬಿಂದು ಬರುವಂತೆ ಗುರುತು ಹಾಕಿ. ಅದು ನಿತಂಬದಿಂದ ಕೆಳಕ್ಕೆ ಸ್ವಲ್ಪ ಅರಳಬೇಕು, ಇಲ್ಲದಿದ್ದರೆ ಕುಳಿತಾಗ ಬಾಯಿ ಬಿಡುತ್ತದೆ. ಆಮೇಲೆ ನೆರಿಗೆ. ಒಂದು ನೆರಿಗೆಯನ್ನು ಹತ್ತಿರದಿಂದ ನೋಡೋಣ. ಬಟ್ಟೆಯನ್ನು ಮಡಿಸಿ, ಮಡಿಕೆಯನ್ನು ಹಿಂದಿನ ನೆರಿಗೆಯ ಮೇಲೆ ಇಡುತ್ತೀರಿ. ಮೊದಲು ನೋಡಬೇಕಾದ್ದು ಅಗಲವಲ್ಲ, ಅಡ್ಡಗೆರೆ. ಈ ನೆರಿಗೆಯ ಪ್ರತಿ ಅಡ್ಡಗೆರೆಯೂ ಪಕ್ಕದ ನೆರಿಗೆಯ ಅದೇ ಗೆರೆಗೆ ಎಳೆಗೆ ಎಳೆ ಮುಟ್ಟಬೇಕು. ಒಂದೆಳೆ ಇಳಿದರೂ 27 ನೆರಿಗೆಯಲ್ಲಿ ಗೆರೆ ಮೆಟ್ಟಿಲಾಗುತ್ತದೆ. ಗುಂಡುಪಿನ್ನು ಚುಚ್ಚಿ, ಮೇಲೆ ಕೆಳಗೆ ಅಗಲದ ಗುರುತು ನೋಡಿ, ಮಡಿಕೆಯ ಅಂಚಿನಲ್ಲೇ ಹೊರಗಿನಿಂದ ಸಣ್ಣ ಹೊಲಿಗೆ ಹಾಕಬೇಕು. ಸೂಜಿ ಮಡಿಕೆಯ ಒಂದೆರಡು ಎಳೆಯನ್ನಷ್ಟೇ ಹಿಡಿಯಬೇಕು, ಕೆಳಗಿನ ಪದರವನ್ನು ಗಟ್ಟಿಯಾಗಿ ಹಿಡಿಯಬೇಕು. ದಾರದ ಬಣ್ಣ ಆ ಮಡಿಕೆಯ ಬಣ್ಣದ್ದೇ ಇರಬೇಕು. ದಾರವನ್ನು ಜಗ್ಗಿ ಎಳೆದರೆ ಫೆಲ್ ಸುಕ್ಕಾಗಿ ಗಿಡ್ಡವಾಗುತ್ತದೆ, ಸಡಿಲ ಬಿಟ್ಟರೆ ಕುಳಿತೇಳುವಾಗ ಹಲ್ಲು ಕಿಸಿದಂತೆ ಕಾಣುತ್ತದೆ. ಇದು ಕೈಗೆ ಬರುವುದು ಸಾವಿರಾರು ಹೊಲಿಗೆಯ ನಂತರವೇ.

ನೆರಿಗೆ ಮುಗಿದ ಮೇಲೆ ಒಳಗಿನ ಕೆಲಸ. ಒಳಬದಿಯಲ್ಲಿ ಎಲ್ಲ ನೆರಿಗೆಗಳನ್ನೂ ಒಂದಕ್ಕೊಂದು ಹಿಡಿದು ಅಡ್ಡಕ್ಕೆ ಹೊಲಿಯುವ ಸಾಲಿಗೆ ಸ್ಟೀಕಿಂಗ್ ಎನ್ನುತ್ತಾರೆ. ಕೆಳಗೆ ನೇತಾಡುವ ನೆರಿಗೆಗಳ ತೂಕವನ್ನು ಹೊರುವುದು ಈ ಸಾಲು. ಇದಾದ ಮೇಲೆ ಮಾತ್ರ ಫೆಲ್‌ನ ಒಳಗೆ ಮಡಿಕೆಮಡಿಕೆಯಾಗಿ ಕೂತ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. ಕತ್ತರಿಸದಿದ್ದರೆ ಸೊಂಟದ ಹಿಂದೆ ದಿಂಬು ಕಟ್ಟಿದಂತಾಗುತ್ತದೆ. ಸ್ಟೀಕಿಂಗ್ ಇಲ್ಲದೆ ಕತ್ತರಿಸಿದರೆ ಒಳಮಡಿಕೆಗಳು ಕೆಲವು ತಿಂಗಳಲ್ಲಿ ಜೋಲುತ್ತವೆ, ಕೆಳಅಂಚಿನಲ್ಲಿ ಒಳಗಿನದು ಹೊರಗೆ ಇಣುಕುತ್ತದೆ. ಕತ್ತರಿ ಫೆಲ್‌ನ ಬುಡ ದಾಟಿ ಕೆಳಗೆ ಹೋದರೆ ಆ ಕಿಲ್ಟಿಗೆ ಪರಿಹಾರವಿಲ್ಲ. ನಂತರ ಕ್ಯಾನ್ವಾಸ್ ಕೂಡಿಸಿ ಎಳೆತವೆಲ್ಲ ಅದರ ಮೇಲೆ ಬೀಳುವಂತೆ ಮಾಡಬೇಕು. ಕ್ಯಾನ್ವಾಸ್ ಇಲ್ಲದ ಕಿಲ್ಟಿನಲ್ಲಿ ಬಕಲ್ಲಿನ ಎಳೆತ ನೇರವಾಗಿ ನೆರಿಗೆಯ ಹೊಲಿಗೆಗೆ ಬಿದ್ದು ಅದು ಬಿಚ್ಚಿಕೊಳ್ಳುತ್ತದೆ. ಸೊಂಟಪಟ್ಟಿ, ಚರ್ಮದ ಪಟ್ಟಿ, ಬಕಲ್ಲು, ಕೊನೆಗೆ ಲೈನಿಂಗ್. ಒಳ ಏಪ್ರನ್ನಿನ ಪಟ್ಟಿ ಎಡಗಡೆಯ ಸೀಳಿನಿಂದ ಹೊರಬಂದು ಬಕಲ್ಲಿಗೆ ಸೇರುತ್ತದೆ, ಹೊರ ಏಪ್ರನ್ ಬಲಗಡೆ ಕಟ್ಟಿಕೊಳ್ಳುತ್ತದೆ.

ಇಸ್ತ್ರಿಗೆ ಮೊದಲು ನೆರಿಗೆಗಳನ್ನು ಕೆಳಅಂಚಿನವರೆಗೆ ಕಚ್ಚಾ ಹೊಲಿಗೆಯಿಂದ ಹಿಡಿಯಬೇಕು. ಒದ್ದೆ ಬಟ್ಟೆ ಹಾಸಿ, ಭಾರದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಬೇಕು. ಎಳೆದಾಡಿದರೆ ನೆರಿಗೆ ಓರೆಯಾಗುತ್ತದೆ. ಆರುವ ಮೊದಲೇ ಎತ್ತಿದರೆ ಅಷ್ಟೂ ಶ್ರಮ ವ್ಯರ್ಥ.

ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಗಿರಾಕಿಗಳು ಕೇಳಿಯೇ ಕೇಳುತ್ತಾರೆ. 1746ರ ಕಾನೂನು ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್‌ನ ಉಡುಪನ್ನು ಸೈನ್ಯದ ಹೊರಗೆ ನಿಷೇಧಿಸಿತು, 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಮಾರಂಭಗಳು ಟಾರ್ಟನ್‌ಗೆ ದೊಡ್ಡ ಬೇಡಿಕೆ ತಂದವು. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಮನೆತನದ ನೇಕಾರರು 1819ರಲ್ಲೇ ಎಳೆಗಳ ಲೆಕ್ಕವನ್ನು ಪುಸ್ತಕವಾಗಿ ಬರೆದಿಟ್ಟಿದ್ದರು. ಪ್ರತಿ ಕುಲಕ್ಕೂ ಅನಾದಿಯಿಂದ ಒಂದು ಟಾರ್ಟನ್ ಇತ್ತು ಎಂಬ ನಂಬಿಕೆಗೆ ಆಧಾರ ತೆಳು. ಗಿರಾಕಿಗೆ ಇದನ್ನು ಮರ್ಯಾದೆಯಿಂದ, ಆದರೆ ನಿಜವಾಗಿ ಹೇಳಬೇಕು. ಟಾರ್ಟನ್ ಮಾತ್ರ ಹಳೆಯದೇ. ಗ್ಲೆನ್ ಆಫ್ರಿಕ್ ಕಣಿವೆಯ ಜೌಗು ಮಣ್ಣಿನಲ್ಲಿ ಸಿಕ್ಕ ತುಂಡು 16ನೇ ಶತಮಾನದ್ದೆಂದು ಪರೀಕ್ಷೆಯಿಂದ ತಿಳಿದಿದೆ, 2023ರಲ್ಲಿ ಅದನ್ನು ಡಂಡೀ ನಗರದ ವಿ ಆ್ಯಂಡ್ ಎ ಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು.

ಹೊಸ ಟಾರ್ಟನ್ ಮಾಡಿದವರು ಅದನ್ನು ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್‌ನಲ್ಲಿ ನೋಂದಾಯಿಸಬಹುದು. 2008ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಆರಂಭವಾದ ದಾಖಲೆ ಇದು. ವಿನ್ಯಾಸ ಈಗಾಗಲೇ ಇರುವವುಗಳಿಗಿಂತ ಸ್ಪಷ್ಟವಾಗಿ ಬೇರೆಯಿರಬೇಕು, ಹೆಸರಿಗೂ ಅರ್ಜಿದಾರರಿಗೂ ಸಂಬಂಧವಿರಬೇಕು. ನೋಂದಣಿಯೇ ಹಕ್ಕುಸ್ವಾಮ್ಯ ಕೊಡುವುದಿಲ್ಲ, ಅದು ಬೇರೆ ಕಾನೂನಿನ ವಿಷಯ.

ಇನ್ನು ಹೊಟ್ಟೆಪಾಡು. ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ ಅಳಿವಿನಂಚಿನ ಕಸುಬುಗಳ ಪಟ್ಟಿಯಲ್ಲಿ ಕಿಲ್ಟ್ ತಯಾರಿಕೆಯನ್ನೂ ಸೇರಿಸಿದೆ. ಕಿಲ್ಟ್ ಕೊಳ್ಳುವವರಿಗೆ ಬರವಿಲ್ಲ, ಕೈಯಲ್ಲಿ ಹೊಲಿಯುವವರಿಗೆ ಬರ. ಪ್ರವಾಸಿಗರಿಗೆ ಮಾರುವ ಅಕ್ರಿಲಿಕ್ ಕಿಲ್ಟಿನ ಬೆಲೆಗೆ ಕೈಹೊಲಿಗೆಯನ್ನು ಹೋಲಿಸುವುದರಿಂದ ಈ ಕಸುಬಿಗೆ ನೇರ ಪೆಟ್ಟು ಬೀಳುತ್ತಿದೆ, ಇದು ನಿಜಕ್ಕೂ ನೋವಿನ ಸಂಗತಿ. ಅನೇಕರು ಅಂಗಡಿಯಿಂದ ಬಟ್ಟೆ ಪಡೆದು ಮನೆಯಲ್ಲೇ ಹೊಲಿದು ಒಂದು ಕಿಲ್ಟಿಗೆ ಇಷ್ಟು ಎಂದು ಕೂಲಿ ಪಡೆಯುತ್ತಾರೆ. ನುರಿತ ಕೈಗೂ ಒಂದಕ್ಕೆ ಎರಡು ಮೂರು ದಿನ ಬೇಕು. ದರ ಒಪ್ಪುವ ಮೊದಲು ಬಟ್ಟೆಯ ತೂಕ, ಸೆಟ್, ನೆರಿಗೆಯ ಕ್ರಮ ಮೂರನ್ನೂ ಕೇಳಿಕೊಳ್ಳಿ, ಏಕೆಂದರೆ ಸೆಟ್ಟಿಗೆ ಹೊಂದಿಸುವುದಕ್ಕೆ ಹಿಡಿಯುವ ಹೊತ್ತೇ ಬೇರೆ. ಬ್ಯಾಂಡಿನ ಕೆಲಸ ಹಿಡಿದರೆ ಅಷ್ಟೂ ಬಟ್ಟೆಯನ್ನು ಒಂದೇ ಸಲ, ಒಂದೇ ಬಣ್ಣದ ಹದದಲ್ಲಿ ತರಿಸಿ. ಆಮೇಲೆ ತರಿಸಿದ ಎರಡು ಕಿಲ್ಟ್ ಸಾಲಿನಲ್ಲಿ ನಡೆಯುವಾಗ ಎದ್ದು ತೋರುತ್ತವೆ. ಸೆಲ್ಕರ್ಕ್‌ನ ಲೋಕ್ಯಾರನ್, ಪರ್ತ್‌ನ ಹೌಸ್ ಆಫ್ ಎಡ್ಗರ್‌ನಂಥ ಹೆಸರಾಂತ ನೇಯ್ಗೆಯವರ ಮಾದರಿ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಬಟ್ಟೆಯನ್ನು ಬೆರಳಿನಿಂದ ಗುರುತಿಸುವುದನ್ನು ಕಲಿಯಿರಿ.

ಕಲಿಕೆ ದುರಸ್ತಿಯಿಂದ ಶುರುವಾದರೆ ಒಳ್ಳೆಯದು. ಹಳೆಯ ಕಿಲ್ಟಿನ ಲೈನಿಂಗ್ ಬಿಚ್ಚಿ ನೋಡಿದರೆ ಹೊಲಿದವರು ಎಲ್ಲಿ ಸ್ಟೀಕಿಂಗ್ ಹಾಕಿದ್ದಾರೆ, ಎಲ್ಲಿ ಕತ್ತರಿಸಿದ್ದಾರೆ, ಜೋಡಣೆಯನ್ನು ಯಾವ ನೆರಿಗೆಯೊಳಗೆ ಬಚ್ಚಿಟ್ಟಿದ್ದಾರೆ ಎಲ್ಲ ಕಾಣುತ್ತದೆ. ಬಕಲ್ಲು ಸರಿಸಿ ಸೊಂಟ ಒಂದೆರಡು ಇಂಚು ಹಿಗ್ಗಿಸುವುದು, ಹರಿದ ಪಟ್ಟಿ ಬದಲಿಸುವುದು ಇವೂ ಸಂಪಾದನೆಯೇ. ಹರಿದು ಬರುವ ಏಪ್ರನ್‌ಗಳಲ್ಲಿ ಬಹುಪಾಲು ಕಿಲ್ಟ್ ಪಿನ್ನಿನಿಂದ ಆದವು. ಪಿನ್ ಹೊರ ಏಪ್ರನ್ನಿಗೆ ಮಾತ್ರ ಚುಚ್ಚಬೇಕು, ಎರಡೂ ಪದರಕ್ಕೆ ಸೇರಿಸಿ ಚುಚ್ಚಿದರೆ ಮೊದಲ ಬಾರಿ ಕುಳಿತಾಗಲೇ ಬಟ್ಟೆ ಎಳೆಯುತ್ತದೆ. ಕಿಲ್ಟ್ ಕೊಡುವಾಗ ಗಿರಾಕಿಗೆ ಇದನ್ನು ಹೇಳಿ ಕಳಿಸಿ.

ಹೊಸದಾಗಿ ಹೊಲಿಯಲು ಎಂಟು ಗಜ ಕೊಳ್ಳಬೇಡಿ. ಏಳಿಂಚಿನ ಸೆಟ್ಟಿನ ಎರಡೂವರೆ ಗಜದ ಒಂದು ಪಟ್ಟಿ ತನ್ನಿ. ಅದರಲ್ಲಿ ಹತ್ತು ನೆರಿಗೆ ಸೆಟ್ಟಿಗೆ ಕೂಡಿಸಿ ಹೊಲಿಯಿರಿ. ನಿತಂಬದ ಗುರುತಿನಲ್ಲಿ ಏಳೂವರೆ ಇಂಚು, ಸೊಂಟದ ಗುರುತಿನಲ್ಲಿ ಆರೂಕಾಲು ಇಂಚು ಬರಬೇಕು, ಅಡ್ಡಗೆರೆ ಹತ್ತೂ ನೆರಿಗೆಯ ಮೇಲೆ ನೆಟ್ಟಗೆ ಓಡಬೇಕು. ಬರದಿದ್ದರೆ ಬಿಚ್ಚಿ, ಅದೇ ಬಟ್ಟೆಯಲ್ಲಿ ಮತ್ತೆ ಹೊಲಿಯಿರಿ. ಒಳ್ಳೆಯ ವರ್ಸ್ಟೆಡ್ ಹತ್ತಾರು ಸಲ ಬಿಚ್ಚಿದರೂ ತಡೆದುಕೊಳ್ಳುತ್ತದೆ.